ಜುಬೇದಕ್ಕ, ನಾನೂ ರಕ್ತ ಕೊಟ್ಟೆ

ಪ್ರೀತಿಯ ಜುಬೇದಕ್ಕ,

ನರಸಿಂಹರಾಜಪುರದ ನಮ್ಮಿಬ್ಬರ ಹೊಲಿಗೆ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹೇಗೆ ಹೇಳಲಿ? ನಿನ್ನನ್ನು ಒಯ್ದ ಸ್ತನ ಕ್ಯಾನ್ಸರೇ ನನಗೂ ಬಂದಿದೆ. ಗೊತ್ತಾಗುವಷ್ಟರಲ್ಲಿ ಮೂಳೆಗೂ ಹಬ್ಬಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ನಿನ್ನ ಜೊತೆ ಕೂತಿದ್ದ ದಿನ ನೆನಪಾಗುತ್ತದೆ. ಸಂಶೋಧನೆಗೆ ಸ್ವಲ್ಪ ರಕ್ತ ಕೊಡುತ್ತೀರಾ ಎಂದು ಡಾಕ್ಟರಮ್ಮ ಕೇಳಿದ್ದರು. ರೋಗದ ವಿರುದ್ಧ ಹೋರಾಡುವ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸೈಟೋಕೈನ್ ಎಂಬ ಪ್ರೋಟೀನು ಬಿಡುತ್ತವಂತೆ. ಅದರ ಏರಿಳಿತ ನೋಡಿ, ಹಬ್ಬಿದ ಕ್ಯಾನ್ಸರ್ ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ ತಿಳಿಯಬಹುದೇ ಎಂಬುದು ಅವರ ಹುಡುಕಾಟ. "ಇದ್ರಿಂದ ಜುಬೇದಕ್ಕಂಗೆ ಎಂತ ಉಪಯೋಗ?" ಎಂದು ನಾನು ರೇಗಿದೆ. ನೀನು ಆಗಲೇ ತೋಳು ಚಾಚಿದ್ದೆ. "ಸುಮ್ನಿರು ಮಾರಾಯ್ತಿ. ನಂಗಲ್ದಿದ್ರೆ ಇನ್ಯಾರಿಗಾದ್ರೂ ಆಗ್ತದೆ." ಆ ಇನ್ಯಾರೋ ನಾನೇ ಎಂದು ನಮಗೇನು ಗೊತ್ತಿತ್ತು...

ಹೋದ ತಿಂಗಳು ಅದೇ ಡಾಕ್ಟರಮ್ಮ ನನ್ನನ್ನೂ ಕೇಳಿದರು. "ಈ ಔಷಧಿ ನಂಗೆ ಹಿಡೀತದಾ ಇಲ್ವಾ, ಇದ್ರಲ್ಲಿ ಗೊತ್ತಾಗ್ತದಾ?" ಎಂದೆ. "ಇನ್ನೂ ಹಾಗೆ ಹೇಳಕ್ಕಾಗಲ್ಲ ಗಿರಿಜಮ್ಮ. ನಾವೂ ಕಲೀತಾ ಇದೀವಿ" ಎಂದರು. ಕೊಟ್ಟೆ. ಪಕ್ಕದಲ್ಲಿ ನನ್ನ ಕೈ ಹಿಡಿದು ಕೂತವಳು ನಿನ್ನ ಮಗಳು ಸಫಿಯಾ. ಕೊಪ್ಪದ ಗಂಡನ ಮನೆಯಿಂದ ಪ್ರತಿ ಸಲವೂ ಅವಳೇ ಬಂದು ನನ್ನನ್ನು ಕರೆದೊಯ್ಯುತ್ತಾಳೆ.

ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಹೇಳಿದಳು: "ಆಂಟಿ, ನನ್ನ ಎದೇಲೂ ಒಂದು ಗಂಟು ಸಿಗ್ತಿದೆ. ಮನೇಲಿ ಯಾರಿಗೂ ಹೇಳಿಲ್ಲ." ಜುಬೇದಕ್ಕ, ನನ್ನ ಕಾಯಿಲೆ ತಿಳಿದಾಗಲೂ ನನ್ನ ಜೀವ ಹಾಗೆ ಬಾಯಿಗೆ ಬಂದಿರಲಿಲ್ಲ. ಮುಂದಿನ ಸ್ಟಾಪಿನಲ್ಲೇ ಇಳಿದು, ಎದುರು ಬಂದ ಬಸ್ ಹತ್ತಿ ಆಸ್ಪತ್ರೆಗೆ ಹಿಂದಿರುಗಿದೆವು. "ಇವಳಿಗೂ ಆ ರಕ್ತದ ಟೆಸ್ಟ್ ಮಾಡಿ" ಎಂದು ಅಂಗಲಾಚಿದೆ. "ಗಂಟು ಎಂಥದ್ದು ಅಂತ ಆ ಟೆಸ್ಟ್ ಹೇಳಲ್ಲ ಗಿರಿಜಮ್ಮ. ಸ್ಕ್ಯಾನ್ ಮಾಡಿ, ಸೂಜಿ ಹಾಕಿ ನೋಡ್ಬೇಕು" ಎಂದು ಡಾಕ್ಟರಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋದರು.

ರಿಪೋರ್ಟ್ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಬ್ಲೌಸ್ ಕತ್ತರಿಸಿದರೆ ಅಳತೆ ತಪ್ಪುತ್ತಿತ್ತು. ನಿನ್ನ ಕೂಸಿಗೂ ಅದೇ ಆಗಿಬಿಟ್ಟರೆ... ಅಷ್ಟಕ್ಕೇ ಯೋಚನೆ ನಿಲ್ಲುತ್ತಿತ್ತು. ಸಫಿಯಾ ಮಾತ್ರ ದಿನಾ ಫೋನ್ ಮಾಡಿ, "ಆಂಟಿ, ಮಾತ್ರೆ ತಗೊಂಡ್ರಾ?" ಎಂದು ಕೇಳುತ್ತಿದ್ದಳು. ತನ್ನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

ನನ್ನ ಔಷಧಿ ಏನು ಮಾಡುತ್ತಿದೆಯೋ ಇನ್ನೂ ಗೊತ್ತಿಲ್ಲ. ಮುಂದಿನ ಸ್ಕ್ಯಾನಿನವರೆಗೆ ಹೆದರಿಕೆ ಇದ್ದದ್ದೇ. ಆದರೆ ಇವತ್ತು ಮಧ್ಯಾಹ್ನ ಅವಳ ಫೋನ್ ಬಂತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅದು ಕ್ಯಾನ್ಸರ್ ಅಲ್ಲ. ವರ್ಷವರ್ಷವೂ ತೋರಿಸಬೇಕಂತೆ. ನನ್ನ ಕಾಲು ನಡೆಯುವಷ್ಟು ದಿನ ನಾನೇ ಜೊತೆಗೆ ಹೋಗುತ್ತೇನೆ.

ನಿನ್ನ ಮಗಳಿಗೆ ಏನೂ ಇಲ್ಲ, ಅಕ್ಕ.

ನಿನ್ನ ಗಿರಿಜಾ