ಹದಿನಾಲ್ಕನೇ ಮಂಚದಿಂದ ಕಿಟಕಿಯವರೆಗೆ ಪರಾರಿ

ಸೋಂಕು ನಿಯಂತ್ರಣ ಕೊಠಡಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ದಿನಾ ಸಂಜೆ ಐದಕ್ಕೆ ಟೀವಿಯಲ್ಲಿ ದರ್ಶನ ಕೊಡುವ ತಾವು, ಹತ್ತೊಂಬತ್ತು ದಿನಗಳ ಹಿಂದೆ, ಸೋಂಕಿತ ಮಹಿಳೆಯೊಬ್ಬರು ಆರೈಕೆ ಕೇಂದ್ರದಿಂದ ಪರಾರಿಯಾಗಿದ್ದಾರೆ ಎಂದು ಘೋಷಿಸಿದಿರಿ. ಆ ಮಹಿಳೆ ನನ್ನ ಅಕ್ಕ. ತಾವು ಹಾಗೆ ಘೋಷಿಸುತ್ತಿದ್ದ ಹೊತ್ತಿನಲ್ಲಿ ಅವಳು ಅದೇ ಕೇಂದ್ರದ ಸಭಾಂಗಣದಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಕೂತು, ಟೀವಿಯಲ್ಲಿ ತಮ್ಮನ್ನೇ ನೋಡುತ್ತಿದ್ದಳು. ಅವಳು ಓಡಿಹೋಗುವ ಸಾಧ್ಯತೆಯೇ ಇರಲಿಲ್ಲ. ಏಕೆಂದರೆ ಯಾರೂ ಹೊರಗೆ ಹೋಗಬೇಡಿ ಎಂದು ತಾವು ಹೇಳಿದ್ದಿರಿ.

ನಾನು ಕಿವಿ ಮಷೀನ್ ರಿಪೇರಿ ಮಾಡುವವನು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕಾದಂಥ ಅಂಗಡಿ ನನ್ನದು. ಈ ಕಸುಬಿಗೆ ಬಂದದ್ದೇ ಅಕ್ಕನಿಂದಾಗಿ. ಅವಳು ಇಪ್ಪತ್ತೆಂಟು ವರ್ಷ ನೂಲಿನ ಗಿರಣಿಯಲ್ಲಿ ದುಡಿದು ನನ್ನನ್ನು ಓದಿಸಿದಳು. ಗಿರಣಿಯ ಸದ್ದು ಅವಳ ಕಿವಿಗಳನ್ನು ಕಿತ್ತುಕೊಂಡಿತು. ಅಲ್ಲಿ ಎಷ್ಟು ಕೂಗಿದರೂ ಕೇಳಿಸದ್ದರಿಂದ ಹೆಂಗಸರೆಲ್ಲ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಹಾಗಾಗಿ ಅಕ್ಕನಿಗೆ ಇವತ್ತಿಗೂ ಅರ್ಧ ಮಾತು ಮಷೀನಿನಿಂದ, ಇನ್ನರ್ಧ ಎದುರಿನವರ ತುಟಿಯಿಂದ. ಎರಡರಲ್ಲಿ ಒಂದಿದ್ದರೂ ಹೇಗೋ ನಿಭಾಯಿಸುತ್ತಾಳೆ. ಎರಡೂ ಇಲ್ಲದಂತೆ ಮಾಡಿದ ಕೀರ್ತಿ ತಮ್ಮ ಕೊಠಡಿಗೇ ಸಲ್ಲಬೇಕು.

ಸೋಂಕು ಕಾಲಿಟ್ಟ ಆ ಮೊದಲ ವಾರಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ತಮಗೆ ಹಿಂದಿನ ದಿನದ ಆದೇಶವೇ ನೆನಪಿರುತ್ತಿರಲಿಲ್ಲವಾದ್ದರಿಂದ ನಾನೇ ನೆನಪಿಸುತ್ತೇನೆ. ಒಂದು ಸೋಮವಾರ, ಆರೋಗ್ಯವಂತರು ಮಾಸ್ಕ್ ಹಾಕಿಕೊಂಡು ಓಡಾಡುವುದು ಸಾರ್ವಜನಿಕರಲ್ಲಿ ಗಾಬರಿ ಹುಟ್ಟಿಸುವ ಕೃತ್ಯ ಎಂದಿರಿ. ಮುಂದಿನ ಸೋಮವಾರ, ಹಾಕದವರಿಗೆ ದಂಡ. ಜೆರಾಕ್ಸ್ ಅಂಗಡಿಯವನು ಮೊದಲ ಸೋಮವಾರ ಹಾಕಿದ್ದಕ್ಕೆ ಬೈಸಿಕೊಂಡ, ಎರಡನೆಯ ಸೋಮವಾರ ಹಾಕದಿದ್ದಕ್ಕೆ ಬೈಸಿಕೊಂಡ. ಬೈದ ಪೊಲೀಸಪ್ಪ ಒಬ್ಬನೇ. ಜನ ಗುಂಪುಗೂಡಬಾರದೆಂದು ಅಂಗಡಿಗಳನ್ನು ದಿನಕ್ಕೆ ಎರಡೇ ಗಂಟೆ ತೆರೆಸಿದಿರಿ. ಇಡೀ ದಿನದ ಜನ ಆ ಎರಡು ಗಂಟೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಅಂತರ ಕಾಯ್ದುಕೊಂಡರು. ಆ ಎರಡು ಗಂಟೆ ಯಾವುದು ಎಂಬುದೂ ಇತ್ಯರ್ಥವಾಗಲಿಲ್ಲ. ಬೀದಿಯ ಈ ತುದಿಯಿಂದ ಒಂದು ಇಲಾಖೆಯ ಗಾಡಿ ಏಳರಿಂದ ಒಂಬತ್ತು ಎಂದು ಮೈಕಿನಲ್ಲಿ ಸಾರುತ್ತ ಬಂತು, ಆ ತುದಿಯಿಂದ ಇನ್ನೊಂದು ಇಲಾಖೆಯ ಗಾಡಿ ಹತ್ತರಿಂದ ಹನ್ನೆರಡು ಎಂದು ಸಾರುತ್ತ ಬಂತು. ನನ್ನ ಅಂಗಡಿ ಮುಂದೆ ಎರಡೂ ಎದುರುಬದುರಾದವು. ಯಾರು ಹಿಂದೆ ಸರಿಯಬೇಕೆಂದು ಇಬ್ಬರು ಡ್ರೈವರುಗಳೂ ಮೈಕಿನಲ್ಲೇ ಜಗಳವಾಡಿದರು. ಆ ವಾರ ನಮಗೆ ಸ್ಪಷ್ಟವಾಗಿ ಅರ್ಥವಾದ ಸರ್ಕಾರಿ ಪ್ರಕಟಣೆ ಅದೊಂದೇ.

ಕಾಯಿಲೆ ಹೊಸದು, ಯಾರಿಗೂ ಏನೂ ಗೊತ್ತಿರಲಿಲ್ಲ ಎಂದು ತಾವು ಹೇಳಬಹುದು. ಒಪ್ಪಿದೆ. ಗೊತ್ತಿಲ್ಲದಿರುವುದು ತಪ್ಪಲ್ಲ. ಆದರೆ 'ಗೊತ್ತಿಲ್ಲ' ಎಂಬ ಮೂರಕ್ಷರವನ್ನು ಒಂದೇ ಒಂದು ಸಂಜೆಯಾದರೂ ತಮ್ಮ ಬಾಯಿಂದ ಕೇಳಿದೆವೇ? ತಾವು ಸುಳ್ಳು ಹೇಳಿದಿರಿ ಎಂದು ನಾನು ದೂರುವುದಿಲ್ಲ. ತಾವು ದಿನಕ್ಕೊಂದು ಸತ್ಯ ಹೇಳಿದಿರಿ, ಪ್ರತಿಯೊಂದನ್ನೂ ಮೇಜು ಕುಟ್ಟಿ ಹೇಳಿದಿರಿ.

ಹಾಗಿದ್ದರೂ ತಮ್ಮನ್ನು ಪೂರ್ತಿ ನಂಬಿದ ಒಬ್ಬಳು ನಮ್ಮ ಮನೆಯಲ್ಲಿದ್ದಳು. ಎಲ್ಲರೂ ಮೂಗು ಬಾಯಿ ಮುಚ್ಚಿಕೊಂಡ ಮೇಲೆ ಅಕ್ಕನಿಗೆ ತುಟಿಗಳೇ ಕಾಣದಾದವು. ಹಾಲಿನವನು, ಮೆಡಿಕಲ್ ಅಂಗಡಿಯವನು, ಎದುರು ಮನೆಯಾಕೆ, ಎಲ್ಲರೂ ಅವಳ ಪಾಲಿಗೆ ಮೂಕರಾದರು. ತಾವೊಬ್ಬರೇ ಉಳಿದಿರಿ. ಮಾಸ್ಕ್ ಕಡ್ಡಾಯವೆಂದು ಘೋಷಿಸುವಾಗ ತಮ್ಮ ಮಾಸ್ಕ್ ಗದ್ದಕ್ಕೆ ಇಳಿದಿತ್ತು. ಅದಕ್ಕಾಗಿ ಊರೆಲ್ಲ ತಮ್ಮನ್ನು ಆಡಿಕೊಂಡು ನಕ್ಕಿತು. ಅಕ್ಕನಿಗೆ ಮಾತ್ರ ಅದರಿಂದ ಮಹದುಪಕಾರವಾಯಿತು.

"ಇವರೊಬ್ರೇ ಕಣೋ, ಬಿಡಿಸಿ ಬಿಡಿಸಿ ಮಾತಾಡೋದು," ಎಂದಳು.

"ಬಿಡಿಸಿ ಹೇಳಿದ್ರೆ ಆಯ್ತೇನಕ್ಕ? ನಿನ್ನೆ ಹೇಳಿದ್ದೇ ಬೇರೆ, ಇವತ್ತು ಹೇಳ್ತಿರೋದೇ ಬೇರೆ."

"ಇವತ್ತಿಂದು ಇವತ್ತು ಮಾಡಿದ್ರಾಯ್ತು. ಪಾಪ, ಅವರ ತಲೆ ಮೇಲೆ ಎಷ್ಟು ಭಾರ ಇದೆಯೋ ಏನೋ."

ಮಾನ್ಯರೇ, ಆ ದಿನಗಳಲ್ಲಿ ಈ ಊರಿನಲ್ಲಿ ತಮ್ಮನ್ನು ನೆನೆದು 'ಪಾಪ' ಎಂದವಳು ಅವಳೊಬ್ಬಳೇ. ಸಣ್ಣ ಜ್ವರವಿದ್ದರೂ ತಾವಾಗಿಯೇ ಕೇಂದ್ರಕ್ಕೆ ಬನ್ನಿ ಎಂದು ಒಂದು ಸಂಜೆ ಹೇಳಿದಿರಿ. ನಮ್ಮ ಬೀದಿಯಲ್ಲಿ ಕೆಮ್ಮುವವರೆಲ್ಲ ಬಾಗಿಲು ಹಾಕಿಕೊಂಡು, ತಲೆದಿಂಬಿಗೆ ಬಾಯಿ ಒತ್ತಿ ಕೆಮ್ಮಿದರು. ಅಕ್ಕ ಮಾತ್ರ ಮಾರನೇ ಬೆಳಿಗ್ಗೆ ಎರಡು ಜೊತೆ ಬಟ್ಟೆ, ಒಂದು ಫ್ಲಾಸ್ಕು, ಹಸಿರು ಸ್ವೆಟರು ಚೀಲಕ್ಕೆ ತುಂಬಿಕೊಂಡಳು. ನಾನು ಬೇಡವೆಂದೆ. "ಅವರೇ ಹೇಳಿದಾರಲ್ಲ," ಎಂದು ಹೊರಟೇಬಿಟ್ಟಳು. ಕಿವಿಯಲ್ಲಿ ಮಷೀನು, ಚೀಲದಲ್ಲಿ ಗುಂಡಿಯಷ್ಟು ಚಿಕ್ಕ ಒಂದೇ ಒಂದು ಬ್ಯಾಟರಿ. ಅದು ಹೆಚ್ಚೆಂದರೆ ಒಂದು ವಾರ ಬರುತ್ತದೆ. ಮೂರನೆಯ ದಿನ ಅವಳಿಂದ ಮೆಸೇಜು ಬಂತು: 'ಕೊನೇ ಬ್ಯಾಟರಿ ಹಾಕಿದೀನಿ. ಫೋನ್ ಕೊಟ್ಟುಬಿಡಬೇಕಂತೆ.' ಮೊದಲೆರಡು ದಿನ ಫೋನಿನಿಂದ ಸೋಂಕು ಹರಡುತ್ತಿರಲಿಲ್ಲ, ಮೂರನೆಯ ದಿನದಿಂದ ಹರಡತೊಡಗಿತು.

ಬ್ಯಾಟರಿಗಳು ನನ್ನ ಅಂಗಡಿಯ ಮೇಜಿನ ಖಾನೆಯಲ್ಲಿ ಬೇಕಾದಷ್ಟಿದ್ದವು. ಅಂಗಡಿ ತೆರೆಯಲು, ಕೇಂದ್ರದ ತನಕ ಹೋಗಲು ಪಾಸ್ ಬೇಕು. ಪಾಸ್ ಬೇಕಾದರೆ ನಾನು ಅಗತ್ಯ ಸೇವೆಯವನಾಗಿರಬೇಕು. ತಮ್ಮ ಆದೇಶವನ್ನು ಓದಿದೆ: 'ಔಷಧಿ, ಹಾಲು, ದಿನಸಿ, ತರಕಾರಿ ಇತ್ಯಾದಿ.' ಆ ಕೊನೆಯ ಪದ ನೋಡಿ ಜೀವ ಬಂದಂತಾಗಿ ತಮ್ಮ ಸಹಾಯವಾಣಿಗೆ ಫೋನು ಹಚ್ಚಿದೆ.

"ಏನ್ ಅಂಗಡಿ ಸರ್ ನಿಮ್ದು?"

"ಕಿವಿ ಮಷೀನ್ ರಿಪೇರಿ ಮೇಡಂ. ಬ್ಯಾಟರಿ, ಎಲ್ಲಾ ಇಟ್ಟಿದೀನಿ."

"ಮೆಡಿಕಲ್ ಶಾಪಾ?"

"ಅಲ್ಲ."

"ಹಾಗಾದ್ರೆ ಎಲೆಕ್ಟ್ರಾನಿಕ್ಸ್. ಅದು ಬಂದ್ ಸರ್."

"ಹಂಗಾದ್ರೆ ಮೆಡಿಕಲ್ಲೇ ಅಂದ್ಕೊಳ್ಳಿ."

"ನಾನು ಅಂದ್ಕೊಂಡ್ರೆ ಆಗಲ್ಲ ಸರ್, ಆರ್ಡರಲ್ಲಿ ಇರ್ಬೇಕು."

"ಇತ್ಯಾದಿ ಅಂತ ಇದೆಯಲ್ಲ ಮೇಡಂ. ಅದ್ರಲ್ಲಿ ಬರಲ್ವಾ ನಾನು?"

ಆಕೆ ಯಾರನ್ನೋ ಕೇಳಿಕೊಂಡು ಬಂದರು. "ಇತ್ಯಾದೀಲಿ ಏನೇನ್ ಬರುತ್ತೆ ಅಂತ ಮೇಲಿಂದ ಇನ್ನೂ ಕ್ಲಿಯರ್ ಆಗಿಲ್ಲ ಸರ್. ನಾಳೆ ಮಾಡಿ."

ನಾಳೆ ಮಾಡಿದೆ, ನಾಡಿದ್ದೂ ಮಾಡಿದೆ. ಪಾಸಿಲ್ಲದೆ ಹೊರಟು ಎರಡು ಸಲ ಬ್ಯಾರಿಕೇಡಿನ ಹತ್ತಿರ ಬೈಸಿಕೊಂಡು ವಾಪಸು ಬಂದೆ. ಕಡೆಗೆ ತಮ್ಮ ಕೊಠಡಿಯಿಂದ ಸ್ಪಷ್ಟೀಕರಣ ಹೊರಬಿತ್ತು: 'ಇತ್ಯಾದಿ ಎಂದರೆ ಮೇಲ್ಕಂಡ ಸೇವೆಗಳನ್ನು ಹೋಲುವ ಇತರೆ ಸೇವೆಗಳು, ಇತ್ಯಾದಿ.' ಇದನ್ನು ಬರೆದ ಕೈಗೆ ನನ್ನ ನಮಸ್ಕಾರ. ಅಷ್ಟರಲ್ಲಿ ಅಕ್ಕನ ಬ್ಯಾಟರಿ ಮುಗಿದು ಹೋಗಿತ್ತು.

ಅಲ್ಲಿಂದ ಮುಂದೆ ಆದದ್ದನ್ನು ನನಗೆ ಹೇಳಿದ್ದು ಅಕ್ಕ, ಮತ್ತು ಅವಳ ಪಕ್ಕದ ಮಂಚಕ್ಕೆ ಆಮೇಲೆ ಬಂದ ಒಬ್ಬ ಬಸ್ ಕಂಡಕ್ಟರಮ್ಮ. ಅಕ್ಕನದು ಸಭಾಂಗಣದ ಮಧ್ಯದ ಹದಿನಾಲ್ಕನೇ ಮಂಚ, ಮಂಕು ಬೆಳಕು. ಒಳಗೆ ಬರುವವರೆಲ್ಲ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡವರು. ಬೆಳಕಿದ್ದರೆ ಕಣ್ಣು ನೋಡಿಯಾದರೂ ಏನು ಹೇಳುತ್ತಿದ್ದಾರೆಂದು ಊಹಿಸಬಹುದೆಂದು ಅವಳು ಕಸ ಗುಡಿಸುವಾಕೆಗೆ ಸನ್ನೆ ಮಾಡಿ ಕೇಳಿಕೊಂಡು, ಕಿಟಕಿ ಪಕ್ಕದ ಖಾಲಿ ಮಂಚಕ್ಕೆ ಹೋದಳು. ಅದೇ ದಿನ ತಮ್ಮ ಸಿಬ್ಬಂದಿ ತಲೆ ಎಣಿಸಲು ಬಂದರು. ಒಳಗೆ ಬರಲು ಭಯ, ಅದನ್ನು ನಾನು ತಪ್ಪೆನ್ನುವುದಿಲ್ಲ. ಬಾಗಿಲಲ್ಲೇ ನಿಂತು ಹೆಸರು ಕೂಗಿದರು. ಅಕ್ಕನ ಹೆಸರನ್ನು ಮೂರು ಸಲ ಕೂಗಿದರಂತೆ. ಅವಳು ಬಾಗಿಲಿಗೆ ಬೆನ್ನು ಹಾಕಿ ಕಿಟಕಿಯಾಚೆ ನೋಡುತ್ತಿದ್ದಳು. ಹದಿನಾಲ್ಕನೇ ಮಂಚ ಖಾಲಿ. ಇತ್ಯಾದಿ ಎಂದರೇನೆಂದು ತಿಳಿಯಲು ವಾರವಿಡೀ ಒದ್ದಾಡಿದ ತಮ್ಮ ವ್ಯವಸ್ಥೆಗೆ, ಪರಾರಿ ಎಂದರೇನೆಂದು ತಿಳಿಯಲು ಒಂದು ನಿಮಿಷವೂ ಬೇಕಾಗಲಿಲ್ಲ.

ಪರಾರಿಯಾದವರಿಗೆ ಊಟವಿಲ್ಲ. ಅಂದು ಅಕ್ಕನಿಗೆ ಪೊಟ್ಟಣ ಬರಲಿಲ್ಲ. ಎಣಿಕೆಗೆ ಕಡಿಮೆ ಬಿದ್ದಿರಬೇಕು ಎಂದುಕೊಂಡಳು. ಆಗಷ್ಟೇ ಬಂದಿದ್ದ ಕಂಡಕ್ಟರಮ್ಮ ತನ್ನ ಪೊಟ್ಟಣದಲ್ಲಿ ಅರ್ಧ ಕೊಟ್ಟರು. ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದಾಗ ಐದು ಗಂಟೆಯಾಯಿತು, ಗೋಡೆಯ ಟೀವಿಯಲ್ಲಿ ತಾವು ಬಂದಿರಿ. 'ಇಂಥ ಬೇಜವಾಬ್ದಾರಿ ಮಹಿಳೆಯರಿಂದಲೇ ಸಮಾಜಕ್ಕೆ ಅಪಾಯ' ಎಂದಿರಿ. ತಾವು ಹೆಸರು ಹೇಳಲಿಲ್ಲ. ಅಕ್ಕ ತಮ್ಮ ತುಟಿಯಿಂದ ಒಂದಕ್ಷರವನ್ನೂ ಬಿಡದೆ ಓದಿಕೊಂಡು ಕಂಡಕ್ಟರಮ್ಮನ ಕಡೆ ತಿರುಗಿದಳಂತೆ.

"ನೋಡಿದ್ರಾ, ಎಂಥಾ ಹೆಂಗಸಿರಬೇಕು! ಇಷ್ಟೆಲ್ಲಾ ಹೇಳ್ತಿದ್ರೂ ಓಡ್ಹೋಗಿದಾಳಂತಲ್ಲ!"

ಈ ಮಾತು ನೆನಪಾದಾಗೆಲ್ಲ ನನಗೆ ನಗು ಬರುತ್ತದೆ, ಅರ್ಧಕ್ಕೇ ನಿಂತುಹೋಗುತ್ತದೆ.

ಮರುದಿನ ಬೆಳಿಗ್ಗೆ ಇಬ್ಬರು ಪೊಲೀಸರು ನಮ್ಮ ಮನೆಗೆ ಬಂದು, ಮಂಚದ ಕೆಳಗೆ, ಬಚ್ಚಲಲ್ಲಿ, ಕಡೆಗೆ ಬಟ್ಟೆಯ ಬೀರುವಿನಲ್ಲೂ ನೋಡಿದರು.

"ಎಲ್ರೀ ನಿಮ್ಮಕ್ಕ?"

"ನಿಮ್ಮ ಹತ್ರಾನೇ ಇದಾಳಲ್ಲ ಸರ್!"

"ನಮ್ಮ ಹತ್ರ ಇದ್ದಿದ್ರೆ ನಿಮ್ಮನ್ಯಾಕ್ರೀ ಕೇಳ್ತಿದ್ವಿ?"

ಅವಳಿಗೆ ಕಿವಿ ಕೇಳಿಸುವುದಿಲ್ಲ, ಕೂಗಿದರೆ ಪ್ರಯೋಜನವಿಲ್ಲ, ಹಸಿರು ಸ್ವೆಟರು ನೋಡಿ ಹುಡುಕಬೇಕು ಎಂದು ಬಿಡಿಸಿ ಹೇಳಿದೆ. ಇಬ್ಬರಲ್ಲಿ ಹಿರಿಯರಾದವರು ಒಳ್ಳೆಯ ಮನುಷ್ಯ. ಕೇಂದ್ರಕ್ಕೆ ಫೋನು ಮಾಡಿ, ಹಸಿರು ಸ್ವೆಟರಿನ ಹೆಂಗಸು ಯಾರಾದರೂ ಇದ್ದಾರಾ ನೋಡಿ ಎಂದರು. ಸ್ಪೀಕರಿನಲ್ಲಿ ಬಂದ ಉತ್ತರ ನನಗೂ ಕೇಳಿಸಿತು: "ಇದಾರೆ ಸರ್. ಆದ್ರೆ ಅವರು ಲಿಸ್ಟಲ್ಲಿಲ್ಲ." ಅವರು ಫೋನಿಟ್ಟರು. ಆಮೇಲೆ ನನ್ನ ಅಂಗಡಿ ತೆಗೆಸಿ, ಬ್ಯಾಟರಿ ಇಸಿದುಕೊಂಡು ತಾವೇ ತಲುಪಿಸಿದರು, ಪಾಸಿಲ್ಲದೆ. ತಮ್ಮ ಆಡಳಿತದಲ್ಲಿ ನಾನು ಕಂಡ ಏಕೈಕ ಸ್ಪಷ್ಟ ನಿರ್ಧಾರ ಅದು.

ಆ ಸಂಜೆ ತಾವು ತಪ್ಪು ಒಪ್ಪಿಕೊಳ್ಳುತ್ತೀರೆಂದು ಕಾದು ಕೂತೆ. 'ಪರಾರಿಯಾಗಿದ್ದ ಮಹಿಳೆಯನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಪತ್ತೆ ಹಚ್ಚಲಾಗಿದೆ' ಎಂದು ಹೇಳಿ, ಸಿಬ್ಬಂದಿಯನ್ನು ಅಭಿನಂದಿಸಿದಿರಿ. ಎಲ್ಲಿ ಪತ್ತೆಯಾದಳು ಎಂಬುದನ್ನು ಮಾತ್ರ ಹೇಳಲಿಲ್ಲ. ತಮ್ಮದೇ ಕಿಟಕಿಯ ಪಕ್ಕ ಎಂದು ಹೇಳುವುದು ಕಷ್ಟವಾಗಿರಬೇಕು.

ಅಕ್ಕ ಗುಣವಾಗಿ ಮನೆಗೆ ಬಂದಳು. ಬಾಗಿಲಿಗೆ ತಮ್ಮ ಇಲಾಖೆ ಅಂಟಿಸಿದ್ದ ಚೀಟಿಯನ್ನು ನಾನು ಎಷ್ಟು ಕೆರೆದರೂ 'ಸೋಂಕಿತೆ ಪರಾರಿ' ಎಂಬಷ್ಟು ಉಳಿದಿತ್ತು. ಅವಳು ಮೆಟ್ಟಿಲ ಮೇಲೆ ಚೀಲ ಇಟ್ಟು, ಕನ್ನಡಕ ಹಾಕಿಕೊಂಡು, ಅದನ್ನು ಎರಡು ಸಲ ಓದಿದಳು.

"ಅವತ್ತು ಅವರು ಬೈದಿದ್ದು ನಂಗೇನೋ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಆದರೆ ನನ್ನ ತುಟಿಯನ್ನೇ ನೋಡುತ್ತಿದ್ದವಳಿಗೆ ಸುಳ್ಳು ಹೇಳಲಾಗಲಿಲ್ಲ.

ಈಗ ಅವಳು ಹೊರಗೆ ಹೋಗುವುದಿಲ್ಲ. ಎದುರು ಮನೆಯಾಕೆ ಯಾರಿಗೋ ದಾರಿ ಹೇಳುವಾಗ 'ಆ ಓಡ್ಹೋಗಿದ್ರಲ್ಲ, ಅವರ ಮನೆ ಪಕ್ಕ' ಎನ್ನುವುದನ್ನು ನಾನೇ ಕೇಳಿದ್ದೇನೆ. ಮನೆಯೊಳಗೆ ಅಕ್ಕ ತನ್ನ ಮಂಚವನ್ನು ತಿರುಗಿಸಿ ಹಾಕಿಕೊಂಡಿದ್ದಾಳೆ, ಯಾವಾಗಲೂ ಬಾಗಿಲಿಗೆ ಮುಖ ಮಾಡಿಯೇ ಮಲಗುತ್ತಾಳೆ. ಯಾರಾದರೂ ಹೆಸರು ಕೂಗಿದರೆ ಎಂಬ ಭಯ.

ನನಗೆ ಪರಿಹಾರ ಬೇಡ. ವಿಚಾರಣಾ ಸಮಿತಿಯೂ ಬೇಡ. ಅದರ ವರದಿಯ ಕೊನೆಗೂ ಒಂದು ಇತ್ಯಾದಿ ಇರುತ್ತದೆ. ಒಂದು ಸಂಜೆ ಐದಕ್ಕೆ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಎಂದಿನಂತೆ ಮಾಸ್ಕನ್ನು ಗದ್ದಕ್ಕೆ ಇಳಿಸಿ ಎರಡೇ ವಾಕ್ಯ ಹೇಳಿ: 'ಆ ಮಹಿಳೆ ಓಡಿಹೋಗಿರಲಿಲ್ಲ. ತಪ್ಪು ನಮ್ಮದು.' ನೆರೆಯವರಿಗೆ ಕೇಳಿಸಲಿ, ಅಕ್ಕನಿಗೆ ಕಾಣಿಸಲಿ. ಅವಸರ ಮಾಡಬೇಡಿ, ಬಿಡಿಸಿ ಬಿಡಿಸಿ ಹೇಳಿ. ಇವತ್ತಿಗೂ ಅವಳು ಐದಕ್ಕೆ ಹತ್ತು ನಿಮಿಷ ಇರುವಾಗಲೇ ಟೀವಿ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಾಳೆ.

"ಇವತ್ತು ಹೇಳ್ತಾರೆ ನೋಡು," ಎನ್ನುತ್ತಾಳೆ.

ಇಂತಿ,
ಇತ್ಯಾದಿಯಲ್ಲಿ ಬರುತ್ತಾನೋ ಇಲ್ಲವೋ ಎಂಬುದು ಇನ್ನೂ ಸ್ಪಷ್ಟವಾಗದ,
ಕಿವಿ ಮಷೀನ್ ರಿಪೇರಿಯವನು