ನಲವತ್ತೇಳರ ಜಾಗ

ಭಾನುವಾರ, ಮಧ್ಯಾಹ್ನ

ಪಟಪಟಿಯ ಅಪ್ಪನಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಚೆನ್ನಾಗಿದ್ದೇನೆ ಎಂದು ನೀವು ಬರೆಯುವುದೂ ಅದನ್ನು ನಾನು ನಂಬಿದಂತೆ ನಟಿಸುವುದೂ ಬೇಡ. ಒಂದೇ ಒಂದು ವಿಷಯ ಕೇಳಬೇಕಿದೆ.

ನಿಮ್ಮ ನೆನಪಿನ ವಿದ್ಯೆ ಕಲಿಯುತ್ತಿದ್ದೇನೆ, ನಗಬೇಡಿ. ಅಂದು ಅಡುಗೆಮನೆಯಲ್ಲಿ ಕೂತು ನೀವು ವಿವರಿಸಿದ್ದು ನೆನಪಿದೆ. ಉದ್ದನೆಯ ಸಂಖ್ಯೆಯನ್ನು ಎರಡೆರಡು ಅಂಕಿಯಾಗಿ ಮುರಿಯಬೇಕು. ಪ್ರತಿ ಜೋಡಿಗೂ ಗೊತ್ತಿರುವ ಒಬ್ಬರನ್ನು, ಅವರದೇ ಒಂದು ಚೇಷ್ಟೆಯ ಸಮೇತ, ಅಂಟಿಸಬೇಕು. ಆಮೇಲೆ ಅವರನ್ನು ಹೊಸ್ತಿಲಿನಿಂದ ಶುರುಮಾಡಿ ಮನೆಯೊಳಗೆ ನಿಲ್ಲಿಸುತ್ತ ಹೋಗಬೇಕು. ಮನಸ್ಸಿನಲ್ಲೇ ಮನೆ ಸುತ್ತಿದರೆ ಸಂಖ್ಯೆ ತಾನಾಗಿ ಬರುತ್ತದೆ. ಹನ್ನೆರಡು ಎಂದರೆ ಕಟಿಂಗ್ ಅಂಗಡಿಯವನು, ಗಾಳಿಯಲ್ಲೇ ಕತ್ತರಿ ಆಡಿಸುವವನು. ನಾನು ಅರವತ್ತೊಂದು, ಸೌಟು ಹಿಡಿದು ಗದರುವವಳು. ಇಷ್ಟು ಬೇಗ ಮುದುಕಿ ಮಾಡಿಬಿಟ್ರಾ ಅಂತ ಮುನಿಸಿಕೊಂಡಿದ್ದೆ. ಪಟಪಟಿ ನಿಮ್ಮ ಹೆಗಲು ಜಗ್ಗುತ್ತ, ಅಮ್ಮಂಗೆ ಕೊಟ್ರಿ, ನಂಗೆ ನೂರು ಬೇಕಪ್ಪ ಅಂದಳು. ನೂರು ಇಲ್ಲ ಕಣೇ, ತೊಂಬತ್ತೊಂಬತ್ತಕ್ಕೇ ಲೋಕ ಮುಗೀತು ಅಂತ ಹೇಳಿ ನಲವತ್ತೇಳು ಕೊಟ್ಟಿರಿ.

ಅವಳು ಜ್ವರದಲ್ಲಿ ತೀರಿಹೋದ ಮೇಲಿನ ಮೊದಲ ಸ್ಪರ್ಧೆಗೆ ನಾನೂ ಬಂದಿದ್ದೆ. ಕಣ್ಣು ಮುಚ್ಚಿ ಅಂಕಿಗಳನ್ನು ನೀರು ಹರಿದಂತೆ ಹೇಳುತ್ತಿದ್ದವರು ತಟ್ಟನೆ ನಿಂತಿರಿ. ಅಯ್ಯೋ ಪಾಪ, ಮರ್ತೇಹೋಯ್ತು ಅಂತ ಪಕ್ಕದ ಹೆಂಗಸು ಲೊಚಗುಟ್ಟಿದಳು. ಪ್ರೇಕ್ಷಕರಿಗೆ ಹಂಚಿದ್ದ ಹಾಳೆಯಲ್ಲಿ ಮುಂದಿನ ಜೋಡಿ ನೋಡಿದೆ, ನಲವತ್ತೇಳು. ನೀವು ಏನನ್ನೂ ಮರೆತಿರಲಿಲ್ಲ.

ಮರುವರ್ಷ ಗೆದ್ದಿರಿ. ಹೇಗೆ ಅಂತ ಕೇಳಿದ್ದಕ್ಕೆ, ನಲವತ್ತೇಳಕ್ಕೆ ಈಗ ಅಂಚೆಯಣ್ಣ ಇದ್ದಾನೆ, ಸೈಕಲ್ ಬೆಲ್ ಹೊಡೀತಾನೆ, ಏನೂ ತೊಂದ್ರೆ ಇಲ್ಲ ಅಂದಿರಿ. ಆ ಮಾತಿನ ಮೇಲೆ ನಾವು ಬೇರೆಯಾದೆವು. ಜನಕ್ಕೆ ಹೇಳಿದ್ದು ಬೇರೆ ಕಾರಣ.

ಈಗ ಅವಳನ್ನು ಅವಳ ಜಾಗಕ್ಕೆ ಕರೆತರಲು ಕೂತಿದ್ದೇನೆ. ಫೋಟೋದಲ್ಲಿ ಅವಳು ಅಲುಗುವುದಿಲ್ಲ. ಕವಿತೆ ಓದಿದರೆ ಲೋಕದ ದುಃಖವೆಲ್ಲ ಬಂದು ಕೂರುತ್ತದೆ, ಅವಳೊಬ್ಬಳು ಬರುವುದಿಲ್ಲ. ನಿಮ್ಮ ಸಂಖ್ಯೆಯಲ್ಲಿ ಅವಳು ಏನೋ ಮಾಡುತ್ತಿದ್ದಳು. ಅದೇ ನೆನಪಾಗುತ್ತಿಲ್ಲ. ಕಟಿಂಗ್ ಅಂಗಡಿಯವನ ಕತ್ತರಿ ನೆನಪಿದೆ, ನನ್ನ ಸೌಟು ನೆನಪಿದೆ. ಹೆತ್ತವಳಿಗೆ ಮಗುವಿನ ಕೈಯಲ್ಲೇನಿತ್ತು ಎಂಬುದು ಮಾತ್ರ ನೆನಪಿಲ್ಲ. ಬಕೆಟ್ಟಿನಲ್ಲಿ ಬೊಂಬೆಯ ತಲೆ ತೊಳೆಯುತ್ತಿದ್ದಳೇ? ನಿಮ್ಮ ದೊಡ್ಡ ಚಪ್ಪಲಿ ಮೆಟ್ಟಿ ಎಳೆದುಕೊಂಡು ಓಡಾಡುತ್ತಿದ್ದಳೇ? ಅಳಿಸಿದವರು ನೀವು, ನಿಮಗೆ ಗೊತ್ತಿರಲೇಬೇಕು. ಒಂದು ಸಾಲು ಬರೆಯಿರಿ, ಸಾಕು. ಬೈಯುವುದಿಲ್ಲ. ವಾಪಸ್ಸು ಬನ್ನಿ ಅಂತಲೂ ಕೇಳುವುದಿಲ್ಲ.

ಇಂತಿ,
ಅರವತ್ತೊಂದು

ಒಂದು ಮಾತು ಬಿಟ್ಟುಹೋಯಿತು. ನಿಮ್ಮನ್ನು ಕೇಳದೆಯೇ ನಿನ್ನೆ ಒಂದು ಪುಟ್ಟ ಸಂಖ್ಯೆ ಕಟ್ಟಿ ನೋಡಿದೆ. ಹೊಸ್ತಿಲಲ್ಲಿ ಹನ್ನೆರಡು, ನಡುಮನೆಯಲ್ಲಿ ನಾನು, ಬಚ್ಚಲುಮನೆಯ ಬಾಗಿಲಲ್ಲಿ ನಲವತ್ತೇಳು. ಪಟಪಟೀ ಅಂತ ಕರೆದು ಬಾಗಿಲು ತೆರೆದೆ. ಅಂಚೆಯಣ್ಣ ನಿಂತಿದ್ದ. ಸ್ವಲ್ಪ ಸರಿಯಪ್ಪಾ, ಹಿಂದೆ ಮಗು ಇದೆ ಅಂದೆ. ಅವನು ಬೆಲ್ ಹೊಡೆದ.