ಯೆಣೆಗೂರಿನಲ್ಲಿ ನಿಂತ ಗಾಡಿ

ಉದಗೀರ, ಗುರುವಾರ

ಅವ್ವನಿಗೆ ಸುಮಂಗಲಾಳ ನಮಸ್ಕಾರ.

ನಿನ್ನ ಫೋನ್ ಹತ್ತುತ್ತಿಲ್ಲ. ಅದಕ್ಕೆ ಈ ಚೀಟಿಯನ್ನು ಜಳಕೋಟ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನೆ ಅಂಗಡಿಯಿಂದ ತಂದ ಇನ್ಸುಲಿನ್ ಚುಚ್ಚಿಕೊಳ್ಳಬೇಡ. ಕೂಡಲೇ ಸರಕಾರಿ ದವಾಖಾನೆಗೆ ಹೋಗಿ ಬೇರೆ ತಗೋ. ಆಮೇಲೆ ಪಕ್ಕದ ಮನೆಯಿಂದ ನನಗೆ ಫೋನ್ ಮಾಡು.

ಮಂಗಳವಾರ ನಮ್ಮ ಗೋದಾಮಿನ ಔಷಧಿ ಗಾಡಿ ಯೆಣೆಗೂರಿನ ಹತ್ತಿರ ಕೆಟ್ಟು, ಒಳಗಿನ ತಂಪೆಲ್ಲ ಹೋಗಿ, ಸಂಜೆಯವರೆಗೂ ಬಿಸಿಲಲ್ಲೇ ನಿಂತಿತ್ತು. ಅದರಲ್ಲಿದ್ದ ಇನ್ಸುಲಿನ್ ಬಿಸಿಗೆ ಕೆಟ್ಟಿರುತ್ತದೆ. “ನಾಲ್ಕ ಡಿಗ್ರಿ ಇತ್ತಂತ ಬರಿ. ಯಾರ್ ನೋಡ್ತಾರ?” ಎಂದರು ಮ್ಯಾನೇಜರ್ ಸಾಹೇಬರು. ಹೆದರಿ ಗಾಡಿಯ ತಾಪಮಾನದ ವಹಿಯಲ್ಲಿ ಹಾಗೇ ಬರೆದೆ. ಆ ಮಾಲು ನೀನು ಔಷಧಿ ತರುವ ಅಂಗಡಿಗೂ ಹೋಗಿದೆಯೆಂದು ಇವತ್ತು ಪಟ್ಟಿಯಲ್ಲಿ ಕಂಡೆ.

ಬೇರೆಯವರೂ ಕೊಂಡಿರುತ್ತಾರಲ್ಲ ಅವ್ವಾ. ಈಗಷ್ಟೇ ಹೆಡ್ ಆಫೀಸಿಗೆ ನಿಜ ಬರೆದು ಕಳಿಸಿದೆ. ಸಾಹೇಬರಿಗೆ ಗೊತ್ತಾಗಿದೆ, ಒಳಗೆ ಕರೆಯುತ್ತಿದ್ದಾರೆ. ಹೋಗುತ್ತೇನೆ.

ನಿನ್ನ ಮಗಳು,
ಸುಮಂಗಲಾ